ಚುಕ್ಕೆಗಳ ನಡುವೆ ಕಳೆದ ಗೆರೆ

ಯಶೋಧರಾಳ ಊರು ಗೆಂಡೆಹಳ್ಳಿ. ಅಪ್ಪ ಶಿವಯ್ಯನವರು ಬೇಲೂರಿನ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದರು. ತೊಳೆದ ಎಕ್ಸ್‌ರೇ ಫಿಲಂಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿ ಒಣಗಲು ತೂಗುಹಾಕುವುದು ಅವರ ಕೆಲಸಗಳಲ್ಲಿ ಒಂದು. ಹೈಸ್ಕೂಲು ಬಿಟ್ಟ ಮೇಲೆ ಊರಿನ ಬಸ್ಸು ಹೊರಡುವವರೆಗೆ ಮಗಳು ಅಲ್ಲೇ ಬಂದು ಕೂರುತ್ತಿದ್ದಳು. ಶಿವಯ್ಯನವರು ಹಸಿ ಫಿಲಂನ ಮೂಲೆ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ, "ಇಲ್ನೋಡು ಮಗಾ, ಈ ಮೂಳೆ ಅಂಚು ಎಲ್ಲಾ ಕಡೆ ನುಣ್ಣಗೈತೆ, ಇಲ್ಲಿ ಮಾತ್ರ ತಡೆದೈತೆ. ಕಾಣ್ತಾ?" ಎಂದು ಕೇಳುತ್ತಿದ್ದರು. ಕಂಡರೆ ಹೂಂ ಅನ್ನಬೇಕು, ಕಾಣದಿದ್ದರೆ ಊಹೂಂ ಅನ್ನಬೇಕು. ಕಾಣದೆ ಹೂಂ ಅಂದಳೆಂದು ಗೊತ್ತಾದರೆ ಮಾತ್ರ ಚೆನ್ನಾಗಿ ಬೈಯುತ್ತಿದ್ದರು.

ಪಿಯುಸಿ ಮುಗಿಸಿ ಹಾಸನದಲ್ಲಿ ಎರಡು ವರ್ಷ ಎಕ್ಸ್‌ರೇ ಡಿಪ್ಲೊಮಾ ಮಾಡಿದ ಯಶೋಧರಾ ಅರಸೀಕೆರೆಯ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಟೆಕ್ನಿಷಿಯನ್ ಆಗಿ ಸೇರಿದಳು. ಹನ್ನೆರಡು ಹಾಸಿಗೆಯ ಚಿಕ್ಕ ಆಸ್ಪತ್ರೆ ಅದು. ಅಲ್ಲಿ ಮೂಳೆ ಡಾಕ್ಟರು ಇರಲಿಲ್ಲ. ಹಾಸನದಿಂದ ಡಾಕ್ಟರ್ ಚನ್ನಬಸವಯ್ಯನವರು ಗುರುವಾರ ಮಾತ್ರ ಬರುತ್ತಿದ್ದರು. ಉಳಿದ ದಿನ ಬಿದ್ದವರು, ಮುರಿದುಕೊಂಡವರು ಬಂದರೆ ಎಕ್ಸ್‌ರೇ ಫಿಲಮನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೊ ತೆಗೆದು ಅವರಿಗೆ ಮೇಲ್ ಮಾಡುವುದು ಎಂದು ಏರ್ಪಾಟಾಗಿತ್ತು. ಆ ಕೆಲಸವೂ ಯಶೋಧರಾಳದೇ.

ಮೊದಮೊದಲು ಅವಳು ಫೋಟೊವನ್ನು ಇದ್ದ ಹಾಗೆಯೇ ಕಳಿಸುತ್ತಿದ್ದಳು. ಟೆಲಿಫೋನ್ ತಂತಿಯ ಮೇಲೆ ಓಡುವ ಇಂಟರ್‌ನೆಟ್ಟು. ಒಂದು ಫೋಟೊ ಹೋಗಲು ಐದಾರು ನಿಮಿಷ ಬೇಕು, ಅರ್ಧದಲ್ಲಿ ಲೈನು ಬಿದ್ದರೆ ಮತ್ತೆ ಮೊದಲಿಂದ. ಹಾಸನದಿಂದ ಬೈಗುಳ ಬರುತ್ತಿತ್ತು. ಆಮೇಲೆ ಯಾರೋ ಫೋಟೊವನ್ನು ಚಿಕ್ಕದು ಮಾಡುವ ಉಪಾಯ ಹೇಳಿಕೊಟ್ಟರು. ಎರಡು ಕ್ಲಿಕ್ಕು ಸಾಕು, ಅರ್ಧ ನಿಮಿಷದಲ್ಲಿ ಮೇಲ್ ಹೋಗುತ್ತಿತ್ತು. ಪರದೆಯ ಮೇಲೆ ನೋಡಲು ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಮೊಣಕಾಲು, ಮುಂಗೈ, ಸೊಂಟ ಎಂದು ಎಂಟು ತಿಂಗಳಲ್ಲಿ ನೂರಾರು ಫೋಟೊ ಹಾಗೇ ಹೋದವು. ಮುರಿದದ್ದು ಮುರಿದ ಹಾಗೇ ಕಾಣುತ್ತಿತ್ತು. ಎಲ್ಲರಿಗೂ ಸಮಾಧಾನವಾಗಿತ್ತು.

ಎರಡು ಸಾವಿರದ ಐದನೆಯ ಇಸವಿಯ ಒಂದು ಮಂಗಳವಾರ ಬೆಳಿಗ್ಗೆ ಜಾವಗಲ್ ಕಡೆಯಿಂದ ಗಂಗಾಧರಪ್ಪ ಎಂಬ ರೈತರು ತಮ್ಮ ಹೆಂಡತಿ ಸಾವಿತ್ರಮ್ಮನನ್ನು ಲಗೇಜ್ ಆಟೋದಲ್ಲಿ ಕೂರಿಸಿಕೊಂಡು ಬಂದರು.

"ಅಟ್ಟದ ಮ್ಯಾಲೆ ಕೊಬ್ಬರಿ ತಿರುವಿ ಹಾಕ್ತಾ ಇದ್ಲು. ಇಳಿಯೋವಾಗ ಏಣಿ ಜಾರ್ತು. ನೆತ್ತಿ ನೆಲಕ್ಕೆ ಬಡೀತು," ಎಂದರು ಗಂಗಾಧರಪ್ಪ. "ಕೈಕಾಲು ಎಲ್ಲಾ ಚೆನ್ನಾಗೈತೆ. ಕತ್ತು ಒಂದು ಹಿಡ್ಕಂಡೈತೆ."

ಸಾವಿತ್ರಮ್ಮ ತಾವೇ ನಡೆದುಕೊಂಡು ಎಕ್ಸ್‌ರೇ ಕೋಣೆಗೆ ಬಂದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಆದರೆ ಬರುವಾಗಲೂ, ಕೂತಾಗಲೂ ಎರಡು ಅಂಗೈಯಲ್ಲಿ ದವಡೆಗಳನ್ನು ಒತ್ತಿ ತಲೆಯನ್ನು ಹಿಡಿದುಕೊಂಡೇ ಇದ್ದರು, ತುಂಬಿದ ಬಿಂದಿಗೆ ಹಿಡಿದ ಹಾಗೆ.

"ಕೈ ಬಿಡಿ ಅಮ್ಮಾ, ಫೋಟೊಗೆ ಅಡ್ಡ ಬರುತ್ತೆ."

"ಬಿಟ್ರೆ ತಲೆ ಬಿದ್ದೋದಂಗೆ ಆಯ್ತದೆ ಕಣವ್ವ."

ಆ ಮಾತು ಕೇಳಿ ಯಶೋಧರಾಳಿಗೆ ಅನುಮಾನ ಹುಟ್ಟಿತು. ಕತ್ತಿನ ಪಕ್ಕದ ನೋಟದ ಒಂದು ಫಿಲಂ ತೆಗೆದು, ತೊಳೆದು, ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಳು. ಕತ್ತಿನ ಮಣಿಮೂಳೆಗಳು ಮೇಲಿಂದ ಕೆಳಗೆ ಸಾಲಾಗಿ ಕಂಡವು. ಎರಡನೆಯ ಮೂಳೆಯಿಂದ ಮೇಲಕ್ಕೆ ಗೂಟದ ಹಾಗೆ ಒಂದು ತುಂಡು ಎದ್ದಿರುತ್ತದೆ. ತಲೆ ತಿರುಗುವುದು ಅದರ ಆಧಾರದ ಮೇಲೆ. ಆ ಗೂಟದ ಬುಡದಲ್ಲಿ ಅಡ್ಡಲಾಗಿ ಒಂದು ಗೆರೆ ಇತ್ತು. ಎರಡು ಮೂರು ಕೂದಲೆಳೆ ಸೇರಿಸಿದಷ್ಟು ಸಣ್ಣದು. ಅದರ ಹಿಂದೆ, ಬೆರಳಗಲವೂ ಇಲ್ಲದ ಜಾಗದಲ್ಲಿ, ಮೆದುಳಿಂದ ಇಳಿಯುವ ನರದ ಹುರಿ. ಗೂಟ ಸರಿದು ಅದಕ್ಕೆ ತಾಗಿದರೆ ಕೈಕಾಲೂ ಹೋಗಬಹುದು, ಉಸಿರೂ ನಿಲ್ಲಬಹುದು.

ಡ್ಯೂಟಿ ಡಾಕ್ಟರು ಮಧುಕುಮಾರ್ ಎಂಬ ಹೊಸಬರು. ಅವರು ಫಿಲಂ ನೋಡಿದರು. "ಗೆರೆ ಥರಾ ಇದೆ. ತೊಳೆಯುವಾಗ ಬಿದ್ದ ಗೀರಿರಬಹುದು, ಹಲ್ಲಿನ ನೆರಳೂ ಇರಬಹುದು. ನನಗೆ ಹೇಳೋಕಾಗಲ್ಲ. ಸಾರ್‌ಗೆ ಕಳಿಸಿಬಿಡಿ."

ಯಶೋಧರಾ ಫೋಟೊ ತೆಗೆದಳು, ಚಿಕ್ಕದು ಮಾಡಿದಳು, ಕಳಿಸಿದಳು. ಹತ್ತು ನಿಮಿಷದಲ್ಲಿ ಹಾಸನದಿಂದ ಫೋನು ಬಂತು. ಮಧುಕುಮಾರ್ ಕೇಳಿಸಿಕೊಂಡು ಬರೆದುಕೊಂಡರು. ಮೂಳೆ ಮುರಿದಿಲ್ಲ, ಕತ್ತು ಉಳುಕಿದೆ. ನೋವಿನ ಮಾತ್ರೆ, ಬಿಸಿನೀರಿನ ಶಾಖ, ಬೇಕಿದ್ದರೆ ಗುರುವಾರ ತೋರಿಸಲಿ.

"ಸಾರ್, ಆ ಗೆರೆ?" ಎಂದಳು ಯಶೋಧರಾ.

"ಕೇಳಿದೆ. ಗೆರೇನೇ ಇಲ್ಲ ಅಂದ್ರು. ಅವರು ಇಪ್ಪತ್ತು ವರ್ಷದಿಂದ ಮೂಳೆ ನೋಡ್ತಾ ಇದ್ದಾರೆ, ಯಶೋಧರಾ."

ಅವಳು ತನ್ನ ಕೋಣೆಗೆ ಮರಳಿ ಫಿಲಮನ್ನು ಕೈಗೆತ್ತಿಕೊಂಡಳು. ಗೀರಾಗಿದ್ದರೆ ಫಿಲಂನ ಮೈಮೇಲೆ ಇರಬೇಕು, ಓರೆಯಾಗಿ ಹಿಡಿದಾಗ ಬೆಳಕಿಗೆ ಮಿಂಚಬೇಕು. ಹೀಗೆ ಹಿಡಿದಳು, ಹಾಗೆ ಹಿಡಿದಳು. ಮೈ ನುಣ್ಣಗಿತ್ತು. ಪೆಟ್ಟಿಗೆಯ ಮೇಲಿಟ್ಟರೆ ಗೆರೆ ಅಲ್ಲೇ ಇತ್ತು.

ಹಾಗಾದರೆ ಅವರಿಗೆ ಯಾಕೆ ಕಾಣಲಿಲ್ಲ? ಕಂಪ್ಯೂಟರಿನ ಮುಂದೆ ಕೂತು ತಾನು ಕಳಿಸಿದ ಫೋಟೊ ತೆರೆದಳು. ಮಣಿಮೂಳೆಗಳಿದ್ದವು, ಗೂಟವಿತ್ತು. ಗೆರೆ ಇರಲಿಲ್ಲ.

ಮಾನಿಟರು ಹಳೆಯದು, ಅದರದೇ ದೋಷವಿರಬಹುದು ಎನ್ನಿಸಿತು. ಪರದೆಯ ಸೆಟ್ಟಿಂಗಿಗೆ ಹೋದಳು. ಎಂಟುನೂರಕ್ಕೆ ಆರುನೂರು ಎಂದಿತ್ತು. ಅಂದರೆ ಪರದೆಯ ಅಗಲಕ್ಕೆ ಎಂಟುನೂರು ಚುಕ್ಕೆ, ಎತ್ತರಕ್ಕೆ ಆರುನೂರು. ಅದನ್ನು ಸಾವಿರದ ಇಪ್ಪತ್ನಾಲ್ಕಕ್ಕೆ ಏರಿಸಿದಳು. ಅಕ್ಷರಗಳೆಲ್ಲ ಚಿಕ್ಕವಾದವು, ಫೋಟೊವೂ ಕುಗ್ಗಿ ಮೂಲೆಗೆ ಸೇರಿತು. ಗೆರೆ ಬರಲಿಲ್ಲ. ಫೋಟೊವನ್ನು ಹಿಗ್ಗಿಸಿದಳು. ಇನ್ನೂ ಹಿಗ್ಗಿಸಿದಳು. ಗೂಟದ ಬುಡ ಪರದೆ ತುಂಬ ಬಂತು, ಆದರೆ ಮೂಳೆಯಾಗಿ ಅಲ್ಲ. ಬೂದು, ತಿಳಿಬೂದು, ಬಿಳಿ ಚೌಕಗಳು, ನೆಲಕ್ಕೆ ಹಾಸಿದ ಟೈಲ್ಸಿನ ಹಾಗೆ. ಗೆರೆ ಇರಬೇಕಾದ ಕಡೆ ಚೌಕಗಳು ಪಕ್ಕದವಕ್ಕಿಂತ ಎಳ್ಳಷ್ಟು ಕಪ್ಪಗಿದ್ದವು.

ಹೊರಗೆ ಆಟೋ ಸ್ಟಾರ್ಟ್ ಆದ ಸದ್ದು ಕೇಳಿಸಿತು.

ಅವಳು ಓಡಿದಳು. ಗಂಗಾಧರಪ್ಪ ಹೆಂಡತಿಯ ಕಂಕುಳಿಗೆ ಕೈಕೊಟ್ಟು ಆಟೋದ ಹಿಂಬದಿಗೆ ಹತ್ತಿಸುತ್ತಿದ್ದರು. ಸಾವಿತ್ರಮ್ಮನ ಒಂದು ಕೈ ದವಡೆಯ ಮೇಲೆ, ಒಂದು ಕೈ ಆಟೋದ ಕಂಬಿಯ ಮೇಲೆ. ಜಾವಗಲ್ ರಸ್ತೆಯ ಗುಂಡಿಗಳು ಯಶೋಧರಾಳ ಕಣ್ಣ ಮುಂದೆ ಒಂದೊಂದಾಗಿ ಬಂದವು.

"ನಿಲ್ಲಿ ಯಜಮಾನ್ರೇ! ಹತ್ತಿಸ್ಬೇಡಿ!"

"ಯಾಕವ್ವ?"

ಡಾಕ್ಟರೇ ಕಳಿಸಿದ ರೋಗಿ. ತಡೆಯುವ ಅಧಿಕಾರ ಅವಳಿಗಿಲ್ಲ. "ಫಿಲಂ ಸರಿಯಾಗಿ ಬಂದಿಲ್ಲ," ಎಂದು ಸುಳ್ಳು ಹೇಳಿದಳು. "ಇನ್ನೊಂದು ತೆಗೀಬೇಕು. ಹತ್ತೇ ನಿಮಿಷ."

"ಆಟೋದೋನು ಕಾಯಕ್ಕಿಲ್ಲ ಅಂತವ್ನೆ. ನೀವು ಮೊದ್ಲೇ ಸರಿಯಾಗಿ ತೆಗೀಬೇಕಪ್ಪ," ಎಂದು ಗೊಣಗಿದರೂ ಅವರು ಹೆಂಡತಿಯನ್ನು ಇಳಿಸಿಕೊಂಡರು. ಯಶೋಧರಾ ಸಾವಿತ್ರಮ್ಮನ ತಲೆಯನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಒಳಗೆ ಕರೆತಂದಳು. ಎಕ್ಸ್‌ರೇ ಮೇಜಿನ ಮೇಲೆ ಅಂಗಾತ ಮಲಗಿಸಿ, ತಲೆಯ ಎಡಬಲಕ್ಕೆ ಮರಳಿನ ಚೀಲ ಇಟ್ಟಳು.

"ಅಮ್ಮಾ, ನಾನು ಹೇಳೋವರೆಗೂ ಕತ್ತು ಅಲ್ಲಾಡಿಸ್ಬಾರದು. ಕರೆದ್ರೂ ತಿರುಗಬಾರದು."

"ಮೂಗು ಕೆರೀತೈತೆ ಕಣವ್ವ."

ಯಶೋಧರಾ ತಾನೇ ಅವರ ಮೂಗು ಕೆರೆದು, ಗಂಗಾಧರಪ್ಪನವರನ್ನು ಪಕ್ಕದಲ್ಲಿ ಕೂರಿಸಿ ಕಂಪ್ಯೂಟರಿಗೆ ಹೋದಳು. ಗಂಟೆ ಹನ್ನೊಂದೂ ಹತ್ತು. ಚನ್ನಬಸವಯ್ಯನವರು ಹನ್ನೊಂದೂವರೆಗೆ ಆಪರೇಷನ್ನಿಗೆ ಒಳಗೆ ಹೋಗುವವರು. ಹೋದರೆ ಮೂರು ಗಂಟೆಯವರೆಗೆ ಸಿಗುವುದಿಲ್ಲ.

ಓದುವಾಗ ಕಲಿತದ್ದೊಂದು ಅವಳಿಗೆ ನೆನಪಾಯಿತು. ಎಕ್ಸ್‌ರೇ ಫಿಲಂ ಇಡುವ ಕ್ಯಾಸೆಟ್ಟಿನ ಒಳಗೆ ಹೊಳೆಯುವ ಹರಳುಗಳ ಹಾಳೆ ಇರುತ್ತದೆ. ಹರಳು ದಪ್ಪಗಿದ್ದರೆ ಕೆಲಸ ಬೇಗ, ಆದರೆ ಹರಳಿಗಿಂತ ಸಣ್ಣ ಗೆರೆ ಅದರಲ್ಲಿ ಮೂಡುವುದಿಲ್ಲ. ಇಲ್ಲೂ ಅದೇ ಆಗಿರಬೇಕು. ಪ್ಲಾಸ್ಟಿಕ್ ಸ್ಕೇಲು ತೆಗೆದು ಫಿಲಂ ಅಳೆದಳು: ಅಗಲ ಇಪ್ಪತ್ತು ಸೆಂಟಿಮೀಟರು, ಅಂದರೆ ಇನ್ನೂರು ಮಿಲಿಮೀಟರು. ಅವಳು ಕಳಿಸಿದ ಫೋಟೊದ ಅಗಲ ಆರುನೂರ ನಲವತ್ತು ಚುಕ್ಕೆ. ಅದರಲ್ಲಿ ಅರ್ಧ ಜಾಗ ಪೆಟ್ಟಿಗೆಯ ಅಂಚಿಗೆ, ಗೋಡೆಗೆ ಹೋಗಿತ್ತು. ಫಿಲಮಿಗೆ ಸಿಕ್ಕಿದ್ದು ಮುನ್ನೂರ ಇಪ್ಪತ್ತು. ಇನ್ನೂರು ಮಿಲಿಮೀಟರಿಗೆ ಮುನ್ನೂರ ಇಪ್ಪತ್ತು ಚುಕ್ಕೆ ಎಂದರೆ ಒಂದೊಂದು ಚುಕ್ಕೆ ಅರ್ಧ ಮಿಲಿಮೀಟರಿಗಿಂತ ದೊಡ್ಡದು. ಗೆರೆ ಕಾಲು ಮಿಲಿಮೀಟರು. ಒಂದು ಚುಕ್ಕೆಗೆ ಒಂದೇ ಬಣ್ಣ. ಕಾಲು ಮಿಲಿಮೀಟರಿನ ಕಪ್ಪು ಸುತ್ತಲಿನ ಮೂಳೆಯ ಬಿಳುಪಿನಲ್ಲಿ ಕಲಸಿಹೋಗಿ ಬರೀ ಬೂದಾಗಿತ್ತು. ಚನ್ನಬಸವಯ್ಯನವರ ಕಣ್ಣು ತಪ್ಪಿರಲಿಲ್ಲ. ಅವರ ಪರದೆಗೆ ಗೆರೆ ಹೋಗಿಯೇ ಇರಲಿಲ್ಲ. ಕ್ಯಾಮೆರಾ ಎರಡು ಸಾವಿರದ ನಲವತ್ತೆಂಟು ಚುಕ್ಕೆಯಲ್ಲಿ ಹಿಡಿದದ್ದನ್ನು ಎರಡು ಕ್ಲಿಕ್ಕಿನಲ್ಲಿ ಅಳಿಸಿದವಳು ತಾನೇ.

ಎಂಟು ತಿಂಗಳು. ನೂರಾರು ಫೋಟೊ. ಅವುಗಳಲ್ಲಿ ಇನ್ನೆಷ್ಟು ಗೆರೆ ಹೋಗಿವೆಯೋ ಎಂಬ ಯೋಚನೆ ಬಂತು. ಅದನ್ನು ಅಲ್ಲೇ ಅದುಮಿ ಕ್ಯಾಮೆರಾ ತೆಗೆದುಕೊಂಡಳು.

ಹತ್ತಿರದ ವಸ್ತುವಿಗೆಂದು ಕ್ಯಾಮೆರಾದಲ್ಲಿ ಹೂವಿನ ಗುರುತೊಂದಿತ್ತು. ಅದಕ್ಕೆ ತಿರುಗಿಸಿ, ಕತ್ತಿನ ಭಾಗ ಮಾತ್ರ ಚೌಕಟ್ಟು ತುಂಬುವಷ್ಟು ಹತ್ತಿರಕ್ಕೆ ಹೋದಳು. ಮೊದಲನೆಯದು ಮಸುಕಾಗಿ ಬಂತು. ಎರಡನೆಯದಕ್ಕೆ ಮೊಣಕೈಯನ್ನು ಗೋಡೆಗೆ ಊರಿ, ಉಸಿರು ಹಿಡಿದು ಒತ್ತಿದಳು.

ಅಷ್ಟರಲ್ಲಿ ಮಧುಕುಮಾರ್ ಒಳಗೆ ಬಂದರು. "ಡಿಸ್ಚಾರ್ಜ್ ಆದ ಪೇಷೆಂಟ್ ಮೇಜಿನ ಮೇಲೆ ಯಾಕಿದ್ದಾರೆ? ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಿಲ್ಲ ಸಾರ್. ನಾನೇ ಮಲಗಿಸಿದೆ."

ಗಂಗಾಧರಪ್ಪ ಎದ್ದು ನಿಂತರು. "ಇನ್ನೊಂದು ಫಿಲಂ ಅಂದ್ರಲ್ಲ ಈಯಮ್ಮ?"

"ಸುಳ್ಳು ಹೇಳಿದೆ ಯಜಮಾನ್ರೇ. ಒಂದೈದು ನಿಮಿಷ ತಡೀರಿ." ಅವಳು ಡಾಕ್ಟರ ಕಡೆ ತಿರುಗಿದಳು. "ಸಾರ್, ತಪ್ಪು ನನ್ನದು. ಬೇಗ ಹೋಗಲಿ ಅಂತ ಫೋಟೊ ಕುಗ್ಗಿಸಿ ಕಳಿಸಿದೆ. ಕುಗ್ಗಿಸಿದಾಗ ಗೆರೆ ಅಳಿಸಿಹೋಗಿದೆ. ಇಲ್ಲಿ ನೋಡಿ, ಇದು ನಾನು ಕಳಿಸಿದ್ದು. ಇದು ಈಗ ತೆಗೆದದ್ದು."

ಕಳಿಸಿದ್ದನ್ನು ತೆರೆದಳು. ಆಮೇಲೆ ಹೊಸದನ್ನು ತೆರೆದಳು. ಹೊಸದು ಪರದೆಗೆ ಹೊಂದಲೆಂದು ತಾನಾಗಿಯೇ ಚಿಕ್ಕದಾಗಿ ತೆರೆದುಕೊಂಡಿತು. ಅದರಲ್ಲಿ ಗೆರೆ ಇದ್ದೂ ಇಲ್ಲದ ಹಾಗಿತ್ತು. ಮಧುಕುಮಾರ್ ತಲೆಯಾಡಿಸಿದರು.

"ಇದರಲ್ಲೂ ಏನಿಲ್ಲವಲ್ರೀ."

"ತಾಳಿ ಸಾರ್. ಫೋಟೊದಲ್ಲಿ ಎರಡು ಸಾವಿರ ಚುಕ್ಕೆ ಇದೆ, ಈ ಪರದೆಯಲ್ಲಿ ಇರೋದೇ ಸಾವಿರ. ಹಿಡಿಸೋಕೆ ಅದೂ ಕುಗ್ಗಿಸ್ತಾ ಇದೆ." ಫೋಟೊದ ಒಂದು ಚುಕ್ಕೆಗೆ ಪರದೆಯ ಒಂದು ಚುಕ್ಕೆ ಬರುವ ಹಾಗೆ ಅಸಲಿ ಅಳತೆಯ ಗುಂಡಿ ಒತ್ತಿದಳು. ಚಿತ್ರ ಒಮ್ಮೆಲೇ ಉಬ್ಬಿ ಪರದೆಯಾಚೆ ಹರಡಿತು. ಅದನ್ನು ಎಳೆದು ಗೂಟದ ಬುಡವನ್ನು ನಡುವಿಗೆ ತಂದಳು.

ಗೆರೆ ಅಂಚಿನಿಂದ ಅಂಚಿಗೆ ಓಡಿತ್ತು. ಹಿಂಬದಿಯಲ್ಲಿ ಅದು ಸ್ವಲ್ಪ ಬಾಯಿ ಬಿಟ್ಟಿತ್ತು.

ಮಧುಕುಮಾರ್ ಪರದೆಯ ಹತ್ತಿರಕ್ಕೆ ಬಾಗಿದರು. ಮೇಜಿನ ಮೇಲೆ ಮಲಗಿದ್ದ ಸಾವಿತ್ರಮ್ಮನ ಕಡೆ ಒಮ್ಮೆ, ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡಿ ಜೇಬಿನಿಂದ ಮೊಬೈಲು ತೆಗೆದರು. ಹನ್ನೊಂದೂ ಇಪ್ಪತ್ತೆರಡು.

"ಇಡೀ ಫೋಟೊ ಹೋಗೋಕೆ ಎಷ್ಟು ಹೊತ್ತು?"

"ಹೋಗಲ್ಲ ಸಾರ್, ಲೈನ್ ಬೀಳುತ್ತೆ. ಇಡೀ ಫೋಟೊ ಬೇಡ. ಕುಗ್ಗಿಸೋ ಬದಲು ಕತ್ತರಿಸ್ತೀನಿ."

ಗೂಟದ ಸುತ್ತ ಏಳುನೂರು ಚುಕ್ಕೆ ಅಗಲ, ನಾನೂರು ಚುಕ್ಕೆ ಎತ್ತರದ ತುಂಡನ್ನು ಮಾತ್ರ ಕತ್ತರಿಸಿ ಉಳಿಸಿದಳು. ಹಾಸನದ ಪರದೆ ಎಷ್ಟು ಚಿಕ್ಕದಿದ್ದರೂ ಅಷ್ಟು ಹಿಡಿಯುತ್ತದೆ, ಮತ್ತೆ ಕುಗ್ಗಿಸುವ ಪ್ರಮೇಯ ಬರುವುದಿಲ್ಲ. ಫೈಲಿನ ತೂಕ ನೋಡಿದರೆ ಮೊದಲು ಕಳಿಸಿದ್ದರಷ್ಟೇ ಇತ್ತು. ಅಷ್ಟೇ ಭಾರದಲ್ಲಿ ಒಂದರಲ್ಲಿ ಗೋಡೆ, ಪೆಟ್ಟಿಗೆ, ಇಡೀ ಫಿಲಂ. ಇನ್ನೊಂದರಲ್ಲಿ ಬೇಕಾದ ಎರಡು ಮೂರು ಸೆಂಟಿಮೀಟರು ಮಾತ್ರ.

ಮೋಡೆಮ್ಮು ಕಿರುಚಿಕೊಂಡು ಹಾಸನಕ್ಕೆ ದಾರಿ ಹುಡುಕಿತು. ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ಲೈನು ಬಿತ್ತು.

"ಬಿತ್ತಾ?" ಎಂದರು ಮಧುಕುಮಾರ್. ಅವರ ಕಿವಿಯಲ್ಲಿ ಹಾಸನದ ನರ್ಸ್ ಹೇಳುತ್ತಿದ್ದದ್ದು ಯಶೋಧರಾಳಿಗೂ ಕೇಳಿಸಿತು: ಸಾರ್ ಕೈ ತೊಳೀತಾ ಇದ್ದಾರೆ. "ನಿಲ್ಲಿಸಿ ಸಿಸ್ಟರ್, ನಾನು ಕಾಯ್ತೀನಿ, ಅವರನ್ನ ಒಂದು ನಿಮಿಷ ಕರೀರಿ, ದಯವಿಟ್ಟು," ಎಂದು ಮಧುಕುಮಾರ್ ಬೇಡಿಕೊಂಡರು.

ಯಶೋಧರಾ ಮತ್ತೆ ಡಯಲ್ ಮಾಡಿದಳು. ಹಿಂದೆ ಸಾವಿತ್ರಮ್ಮ, "ಏನಾಗೈತೆ? ಯಾರಾದ್ರೂ ಹೇಳ್ರಪ್ಪ," ಎಂದು ತಾರಸಿಗೇ ಕೇಳುತ್ತಿದ್ದರು. ಗಂಗಾಧರಪ್ಪನವರ ದನಿ ಈಗ ಬೇರೆಯಾಗಿತ್ತು. "ಏನಿಲ್ಲ ಸಾವಿತ್ರಿ. ಅಲ್ಲಾಡ್ಬೇಡ. ನಾನಿಲ್ಲೇ ಇದೀನಿ."

ಪಟ್ಟಿ ಅರ್ಧ ದಾಟಿತು, ಮುಕ್ಕಾಲಾಯಿತು, ತುಂಬಿತು.

ಮಧುಕುಮಾರ್ ಫೋನನ್ನು ಅವಳ ಕೈಗೇ ಕೊಟ್ಟರು. ಆ ಕಡೆಯಿಂದ ಸಿಡುಕು ದನಿ. "ಏನಮ್ಮಾ, ಒಂದೇ ಪೇಷೆಂಟ್ ಎಷ್ಟು ಸಲ ನೋಡೋದು?"

"ಸಾರ್, ಮೊದಲನೇ ಫೋಟೊ ನಾನು ಕೆಡಿಸಿ ಕಳಿಸಿದ್ದೆ. ಈಗ ಬಂದಿರೋದನ್ನ ತೆರೀರಿ. ಅದರ ಮೇಲೆ ಮೌಸ್ ಇಟ್ಟಾಗ ಹಿಗ್ಗಿಸೋ ಗುಂಡಿ ಏನಾದ್ರೂ ಬಂದ್ರೆ ಒಂದು ಸಲ ಒತ್ತಿ ಸಾರ್. ಬರದಿದ್ರೆ ಹಾಗೇ ನೋಡಿ."

ಮೌಸಿನ ಟಿಕ್ ಟಿಕ್ ಕೇಳಿಸಿತು.

"ಆ ಹೆಂಗಸು ಎಲ್ಲಿದ್ದಾಳೆ?" ಸಿಡುಕು ಹೋಗಿತ್ತು.

"ಮೇಜಿನ ಮೇಲೆ ಮಲಗಿಸಿದೀನಿ ಸಾರ್. ಎರಡೂ ಕಡೆ ಮರಳಿನ ಚೀಲ ಇಟ್ಟಿದೀನಿ."

"ಕೈಕಾಲು ಆಡ್ತಾವಾ?"

"ಆಡ್ತಾವೆ ಸಾರ್."

"ಹಾಗಾದ್ರೆ ಕೂರಿಸ್ಬೇಡಿ, ಎಬ್ಬಿಸ್ಬೇಡಿ. ಕತ್ತಿಗೆ ಗಟ್ಟಿ ಕಾಲರ್ ಹಾಕಿ, ಹಲಗೆ ಮೇಲೆ ಮಲಗಿಸಿ, ಅದರ ಸಮೇತ ಆಂಬುಲೆನ್ಸ್‌ಗೆ ಹಾಕಿ ಇಲ್ಲಿಗೆ ಕಳಿಸಿ. ಡ್ರೈವರ್‌ಗೆ ನಿಧಾನ ಅಂತ ಹೇಳಿ. ಮಧುಕುಮಾರ್‌ಗೆ ಫೋನ್ ಕೊಡಮ್ಮ."

ಫೋನು ಕೊಟ್ಟು ಅವಳು ಸ್ಟೂಲಿನ ಮೇಲೆ ಕೂತಳು.

ಸಾವಿತ್ರಮ್ಮನನ್ನು ಹಾಸನಕ್ಕೆ ಕಳಿಸಿದ ಮೇಲೆ ಯಶೋಧರಾ ಮಧುಕುಮಾರ್ ಅವರ ಹತ್ತಿರ ಹೋಗಿ, ಎಂಟು ತಿಂಗಳ ಫಿಲಂಗಳನ್ನೆಲ್ಲ ಮತ್ತೆ ನೋಡಬೇಕು ಎಂದಳು. ಅವರು ಮೊದಲು ಹಿಂಜರಿದರು. ಆಮೇಲೆ ತಾವೇ ಜೊತೆಗೆ ಕೂತರು. ಆಸ್ಪತ್ರೆಯಲ್ಲೇ ಉಳಿದಿದ್ದ ಫಿಲಂಗಳನ್ನು ಪೆಟ್ಟಿಗೆಯ ಮೇಲಿಟ್ಟು ನಾಲ್ಕು ದಿನ ನೋಡಿದರು. ಒಂದು ಮಣಿಕಟ್ಟಿನಲ್ಲಿ ಬಿಟ್ಟುಹೋಗಿದ್ದ ಬಿರುಕು ಸಿಕ್ಕಿತು. ಅದು ಹುಲಿಕೆರೆಯ ಕರಿಯಯ್ಯನವರದು. ಹೇಳಿ ಕಳಿಸಿದರೆ, ಬಂದು ಕೈ ತಿರುಗಿಸಿ ತೋರಿಸಿ, "ಚಳಿಗಾಲದಲ್ಲಿ ಒಸಿ ನೋಯ್ತೈತೆ, ಅಷ್ಟೇ," ಎಂದರು. ರೋಗಿಗಳೇ ಒಯ್ದಿದ್ದ ಫಿಲಂಗಳು ಸಿಗಲಿಲ್ಲ. ಅವುಗಳ ಚಿಂತೆ ಅವಳಿಗೆ ಬಹಳ ದಿನ ಉಳಿಯಿತು.

ಮುಂದಿನ ವಾರದ ಭಾನುವಾರ ಹಾಸನದ ಆಸ್ಪತ್ರೆಗೆ ಹೋದಳು. ಕತ್ತು ಅಲುಗದಂತೆ ಸಾವಿತ್ರಮ್ಮನ ತಲೆಯ ಸುತ್ತ ಕಬ್ಬಿಣದ ಬಳೆ, ಅದರಿಂದ ಹೆಗಲವರೆಗೆ ಕಂಬಿಗಳು. ಮೂರು ತಿಂಗಳು ಹಾಗೇ ಇರಬೇಕು ಎಂದು ಡಾಕ್ಟರು ಹೇಳಿದ್ದರಂತೆ. "ಇತ್ಲಾಗೆ ಮುಂದಕ್ಕೆ ಬಾರವ್ವ, ತಿರುಗಿ ನೋಡಕ್ಕಾಗಕ್ಕಿಲ್ಲ," ಎಂದು ಕರೆದು ಕೈ ಹಿಡಿದುಕೊಂಡರು.

ಹೊರಗೆ ವರಾಂಡದಲ್ಲಿ ಗಂಗಾಧರಪ್ಪ ಅವಳಿಗೆ ಕೈ ಮುಗಿಯಲು ಬಂದರು. ಅವಳು ತಡೆದಳು.

"ಮುಗೀಬೇಡಿ ಯಜಮಾನ್ರೇ. ಮೊದಲು ತಪ್ಪು ಮಾಡಿದ್ದೇ ನಾನು. ಬೇಗ ಹೋಗ್ಲಿ ಅಂತ ಚಿತ್ರ ಚಿಕ್ಕದು ಮಾಡಿದೆ. ಅದಕ್ಕೇ ಡಾಕ್ಟರಿಗೆ ಕಾಣಲಿಲ್ಲ. ಆಟೋ ಹೊರಟುಹೋಗಿದ್ರೆ..."

ಗಂಗಾಧರಪ್ಪನವರಿಗೆ ಸಿಟ್ಟು ಬಂದಿದೆಯೋ ಏನೋ ಅವಳಿಗೆ ತಿಳಿಯಲಿಲ್ಲ. ಅವರು ಅಲ್ಲಿದ್ದ ಬೆಂಚಿನ ಮೇಲೆ ಕೂತು, ಅವಳಿಗೂ ಜಾಗ ಬಿಟ್ಟರು.

"ಬಿದ್ದ ತಕ್ಸಣ ಅವಳ ರಟ್ಟೆ ಹಿಡಿದು ಎಳೆದು ಕೂರಿಸ್ದೋನು ನಾನು ಕಣವ್ವ," ಎಂದರು. "ಏನಾಗಿಲ್ಲ ಏಳು ಅಂತ ಗದರಿದ್ದೆ. ಇದುನ್ನ ಇನ್ನೂ ಅವಳಿಗೆ ಹೇಳಿಲ್ಲ."

ಯಶೋಧರಾ ಅವರ ಪಕ್ಕದಲ್ಲಿ ಕೂತಳು. ಒಳಗಿಂದ ಸಾವಿತ್ರಮ್ಮ ನೀರು ಕೇಳಿದಾಗ ಗಂಗಾಧರಪ್ಪ ಎದ್ದು ಹೋದರು.